ರಟ್ಟಿನ ತುಂಡಿಗೆ ಬಂದ ಬಣ್ಣ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ - ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಹೊಗೆಸೊಪ್ಪಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರಿನ ಮೊದಲ ಹದಕ್ಕೆ ನಾಟಿ, ಆಷಾಢ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಸೊಪ್ಪು ಮುರಿಯುವ ಕೆಲಸ. ಮುರಿದದ್ದನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದ ಮೇಲೆ ಹಗಲೂ ರಾತ್ರಿಯೂ ಒಲೆಗೆ ಸೌದೆ ಒಟ್ಟುತ್ತ ನಿದ್ದೆಗೆಡುವ ಐದಾರು ದಿನ. ಹಸಿರು ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದರೆ ಮನೆಮಂದಿಗೆಲ್ಲ ಸಮಾಧಾನ. ಕಪ್ಪಿಗೆ ತಿರುಗಿದರೆ ಆ ವರ್ಷದ ಲೆಕ್ಕಾಚಾರವೆಲ್ಲ ತಲೆಕೆಳಗು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ಬೇಲಿನ ಮೇಲೆ ಮೊದಲು ಬೀಳುವ ಕಣ್ಣು ಬಣ್ಣದ ಮೇಲೆಯೇ. ತಂಬಾಕು ಮಂಡಳಿಯ ಉಸ್ತುವಾರಿಯಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಆರಂಭವಾದದ್ದು 1984ರಲ್ಲಿ. ಅಂದಿನಿಂದ ಸಾವಿರಾರು ಮನೆಗಳ ಶಾಲಾ ಶುಲ್ಕ, ಮದುವೆ, ಸಾಲದ ಕಂತು ಎಲ್ಲವೂ ಈ ಬಣ್ಣವನ್ನೇ ನಂಬಿಕೊಂಡಿವೆ.

ಬೇಲಾಗಿ ಹೋದ ಸೊಪ್ಪು ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂಬುದೂ ಮಕ್ಕಳಿಗೆ ಗೊತ್ತು. ಆದರೆ ಆ ಸಿಗರೇಟು ಪ್ಯಾಕಿನೊಳಗಿಂದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇನ್ನೊಂದು ವಸ್ತು ಹೊರಬಂದು, ಜಗತ್ತಿನ ಅರ್ಧ ಮಕ್ಕಳನ್ನು ಮರುಳು ಮಾಡಿತ್ತು ಎಂಬ ಸಂಗತಿ ಅನೇಕರಿಗೆ ತಿಳಿದಿಲ್ಲ. ಅದೇ ಚಿತ್ರಕಾರ್ಡು. ಬಬಲ್ ಗಮ್ ಜೊತೆ ಸಿಗುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರ, ಕುಸ್ತಿಪಟುಗಳ ಟ್ರಂಪ್ ಕಾರ್ಡು, ಇವತ್ತಿನ ಐಪಿಎಲ್ ಕಾರ್ಡು - ಇವೆಲ್ಲದರ ಮೂಲಪುರುಷ ಸಿಗರೇಟು ಪ್ಯಾಕಿನ ರಟ್ಟು. ಅದರ ವಿನ್ಯಾಸ ಹೇಗೆ ಬದಲಾಯಿತು, ಯಾಕೆ ಬದಲಾಯಿತು ಎಂಬ ಕಥೆ ಹೊಗೆಸೊಪ್ಪಿನ ನಾಡಿನ ಮಕ್ಕಳಿಗೂ ಅವರ ತಂದೆ ತಾಯಿಯರಿಗೂ ಬೇರೆಯವರಿಗಿಂತ ಹೆಚ್ಚು ಹತ್ತಿರದ್ದು.

ಪ್ಯಾಕು ಮುದುಡದಿರಲೆಂದು

ನಮ್ಮ ಕಡೆ ಬೆಳೆಯುವ ಸಿಗರೇಟು ಹೊಗೆಸೊಪ್ಪಿಗೆ ವರ್ಜೀನಿಯಾ ಎಂದು ಹೆಸರು. ಅಮೆರಿಕದ ವರ್ಜೀನಿಯಾ ರಾಜ್ಯದಿಂದ ಬಂದ ಹೆಸರದು. ಆ ರಾಜ್ಯದ ರಾಜಧಾನಿ ರಿಚ್ಮಂಡ್. ಅಲ್ಲಿ ಆಲೆನ್ ಅಂಡ್ ಗಿಂಟರ್ ಎಂಬ ಸಿಗರೇಟು ಕಂಪನಿ ಇತ್ತು. ಆ ಕಾಲದ ಸಿಗರೇಟು ಪ್ಯಾಕು ಬರೀ ತೆಳು ಕಾಗದದ್ದು. ಜೇಬಿನಲ್ಲಿಟ್ಟರೆ ಮುದುಡಿ ಸಿಗರೇಟು ಮುರಿಯುತ್ತಿತ್ತು. ಅದಕ್ಕೆ ಆಸರೆಯಾಗಿ ಒಳಗೊಂದು ರಟ್ಟಿನ ತುಂಡು ಇಡುವ ರೂಢಿ ಬಂತು. ಖಾಲಿ ರಟ್ಟು ಯಾಕಿರಬೇಕು, ಅದರ ಮೇಲೊಂದು ಚಿತ್ರ ಅಚ್ಚು ಹಾಕಿದರೆ ಹೇಗೆ ಎಂದು ವ್ಯಾಪಾರಿಯ ತಲೆಗೆ ಹೊಳೆದದ್ದು 1880ರ ದಶಕದಲ್ಲಿ.

ಹೊಳೆಯುವುದಕ್ಕೂ ಒಂದು ಕಾರಣವಿತ್ತು. 1881ರಲ್ಲಿ ಜೇಮ್ಸ್ ಬೊನ್ಸಾಕ್ ಎಂಬ ತರುಣ ಸಿಗರೇಟು ಸುತ್ತುವ ಯಂತ್ರಕ್ಕೆ ಪೇಟೆಂಟು ಪಡೆದ. ಅಲ್ಲಿಯವರೆಗೆ ಕೈಯಲ್ಲೇ ಸುತ್ತುತ್ತಿದ್ದ ಸಿಗರೇಟನ್ನು ಯಂತ್ರ ದಿನಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತತೊಡಗಿತು. ಮಾಲು ಬೆಟ್ಟದಷ್ಟಾಯಿತು, ಸೇದುವವರು ಅಷ್ಟಿರಲಿಲ್ಲ. ಒಂದು ಕಂಪನಿಯ ಸಿಗರೇಟಿಗೂ ಇನ್ನೊಂದು ಕಂಪನಿಯ ಸಿಗರೇಟಿಗೂ ರುಚಿಯಲ್ಲಿ ದೊಡ್ಡ ವ್ಯತ್ಯಾಸವೂ ಇರಲಿಲ್ಲ. ಹಾಗಾದರೆ ಗಿರಾಕಿ ತಮ್ಮದನ್ನೇ ಯಾಕೆ ಕೊಳ್ಳಬೇಕು? ಈ ಪ್ರಶ್ನೆಗೆ ಸಿಕ್ಕ ಉತ್ತರವೇ ಚಿತ್ರಕಾರ್ಡು.

1887ರಲ್ಲಿ ಆಲೆನ್ ಅಂಡ್ ಗಿಂಟರ್ ಹೊರತಂದ ಜಗತ್ತಿನ ಚಾಂಪಿಯನ್ನರ ಮಾಲೆಯಲ್ಲಿ 50 ಕಾರ್ಡುಗಳಿದ್ದವು. ಬೇಸ್‌ಬಾಲ್ ಆಟಗಾರರು, ಮುಷ್ಟಿಕಾಳಗದವರು, ಕುಸ್ತಿ ಪೈಲ್ವಾನರು, ದೋಣಿ ಹುಟ್ಟು ಹಾಕುವವರು, ಗುರಿಕಾರರು. ಗುರಿಕಾರರ ಸಾಲಿನಲ್ಲಿ ಆ್ಯನಿ ಓಕ್ಲೆ ಎಂಬ ಮಹಿಳೆಯೂ ಇದ್ದಳು. ವಿನ್ಯಾಸ ಬಹಳ ಸರಳ: ಬಿಳಿಯ ಹಿನ್ನೆಲೆ, ನಡುವೆ ಎದೆಮಟ್ಟದ ಬಣ್ಣದ ಚಿತ್ರ, ಕೆಳಗೆ ಹೆಸರು. ಹಿಂಬದಿಯಲ್ಲಿ ಮಾಲೆಯ 50 ಹೆಸರುಗಳ ಪಟ್ಟಿ, ಜೊತೆಗೆ ಕಂಪನಿಯ ಹೆಸರು. ಮೇಲ್ನೋಟಕ್ಕೆ ಆ ಪಟ್ಟಿ ಬರೀ ಮಾಹಿತಿ. ಆದರೆ ಕೈಯಲ್ಲಿರುವುದು ಒಂದು, ಇಲ್ಲದಿರುವುದು ನಲವತ್ತೊಂಬತ್ತು ಎಂದು ಅದು ಪ್ರತಿ ಸಲವೂ ನೆನಪಿಸುತ್ತಿತ್ತು. ಇಡೀ ಕಾರ್ಡಿನ ಅತ್ಯಂತ ಜಾಣ ವಿನ್ಯಾಸ ಮುಂಬದಿಯ ಚಿತ್ರವಲ್ಲ, ಹಿಂಬದಿಯ ಈ ಪಟ್ಟಿ.

ಕಲ್ಲಿನಿಂದ ಕಾಗದಕ್ಕೆ

ಆ ಕಾಲದ ಬಣ್ಣದ ಅಚ್ಚು ಕಲ್ಲಚ್ಚು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯುತ್ತಾರೆ. ಕಲ್ಲಿಗೆ ನೀರು ಸವರಿ ಆಮೇಲೆ ಶಾಯಿ ಹಚ್ಚಿದರೆ ಜಿಡ್ಡಿರುವ ಕಡೆ ಮಾತ್ರ ಶಾಯಿ ಹತ್ತುತ್ತದೆ. ಎಣ್ಣೆ ಸೀಗೆಕಾಯಿ ಸಂಬಂಧ ಗೊತ್ತಿರುವ ಮನೆಗಳಲ್ಲಿ ಈ ತತ್ವವನ್ನು ವಿವರಿಸಬೇಕಾಗಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅದೇ ಹಾಳೆ ಅಷ್ಟೂ ಕಲ್ಲುಗಳ ಮೇಲೆ ಹಾದುಬರಬೇಕು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದಲ್ಲಿ ಲಕ್ಷ್ಮಿ, ಸರಸ್ವತಿಯರ ಪಟಗಳು ತಯಾರಾದದ್ದೂ ಇದೇ ಕಲ್ಲಚ್ಚಿನಿಂದ. ಮೈಸೂರು ಸೀಮೆಯ ಹಳೆಯ ಮನೆಗಳ ದೇವರ ಕೋಣೆಯಲ್ಲಿ ಅಂಥ ಪಟ ಇದ್ದರೆ ಭೂತಗನ್ನಡಿ ಹಿಡಿದು ನೋಡಬಹುದು. ಕೆನ್ನೆಯ ಕೆಂಪು ಬಳಿದದ್ದಲ್ಲ, ಸಣ್ಣ ಸಣ್ಣ ಚುಕ್ಕೆಗಳು ಸೇರಿ ಆದದ್ದು ಎಂದು ಗೊತ್ತಾಗುತ್ತದೆ. ಹಳೆಯ ಸಿಗರೇಟು ಕಾರ್ಡಿನ ಮೃದುವಾದ ಬಣ್ಣದ ಗುಟ್ಟೂ ಅದೇ.

ಕಾರ್ಡಿನ ಸುತ್ತ ಇರುವ ಬಿಳಿಯ ಅಂಚಿಗೂ ಕಾರಣವಿದೆ. ದೊಡ್ಡ ಹಾಳೆಯಲ್ಲಿ ಹತ್ತಾರು ಚಿತ್ರಗಳನ್ನು ಒಟ್ಟಿಗೆ ಅಚ್ಚು ಹಾಕಿ ಆಮೇಲೆ ಕತ್ತರಿಸುತ್ತಾರೆ. ಕತ್ತರಿ ಕೂದಲೆಳೆಯಷ್ಟು ಆಚೀಚೆ ಸರಿದರೂ ಪಕ್ಕದ ಕಾರ್ಡಿನ ಬಣ್ಣ ಇದರೊಳಗೆ ಬಂದುಬಿಡುತ್ತದೆ. ನಡುವೆ ಬಿಳಿಯ ಅಂಚು ಬಿಟ್ಟರೆ ತಪ್ಪು ಎದ್ದು ಕಾಣುವುದಿಲ್ಲ. ನೋಡಲು ಅಂದ ಎನಿಸುವ ಅನೇಕ ಸಂಗತಿಗಳು ಹುಟ್ಟುವುದು ಇಂಥ ಕೆಲಸದ ಅನುಕೂಲದಿಂದಲೇ. ಸೀರೆಯ ಅಂಚಿಗೆ ಕುಚ್ಚು ಬಂದದ್ದು ನೂಲು ಬಿಚ್ಚದಿರಲೆಂದು ಅಲ್ಲವೇ?

ಆಟಗಾರ ಬೇಡವೆಂದ ಕಾರ್ಡು

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ ಬೇಸ್‌ಬಾಲ್ ಮಾಲೆಯನ್ನು ಸಂಗ್ರಾಹಕರು ಇಂದಿಗೂ ಈ ಕಲೆಯ ಶಿಖರವೆಂದು ಎಣಿಸುತ್ತಾರೆ. ಅದರಲ್ಲಿ ಐನೂರಕ್ಕೂ ಹೆಚ್ಚು ಕಾರ್ಡುಗಳಿವೆ. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಹಿನ್ನೆಲೆಗೆ ಕಿತ್ತಳೆ, ಕೆಂಪು, ಹಸಿರು, ನೀಲಿ - ಒಂದೇ ಗಾಢ ಬಣ್ಣ. ಅದರ ಮುಂದೆ ಆಟಗಾರನ ಮುಖ. ಕೆಳಗೆ ಕಂದು ಅಕ್ಷರಗಳಲ್ಲಿ ಹೆಸರು ಮತ್ತು ಊರು. ಬೇರೇನೂ ಇಲ್ಲ. ಅಂಗೈಯಲ್ಲಿಟ್ಟು ನೋಡುವ ಚಿತ್ರಕ್ಕೆ ಹತ್ತು ಸಂಗತಿ ತುಂಬಿದರೆ ಒಂದೂ ಕಾಣುವುದಿಲ್ಲ ಎಂದು ಅದನ್ನು ಬರೆದ ಕಲಾವಿದರಿಗೆ ಗೊತ್ತಿತ್ತು.

ಈ ಮಾಲೆಯಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಎಂಬ ಮಹಾನ್ ಆಟಗಾರನ ಕಾರ್ಡು ಮಾತ್ರ ಬೇಗನೆ ನಿಂತುಹೋಯಿತು. ತನ್ನ ಚಿತ್ರ ಬಳಸಲು ಆತ ಒಪ್ಪಲಿಲ್ಲ. ಕಾರಣದ ಬಗ್ಗೆ ಎರಡು ಮಾತುಗಳಿವೆ. ಚಿತ್ರಕ್ಕೆ ಹಣ ಕೊಡಲಿಲ್ಲವೆಂದು ಆತ ಮುನಿದ ಎಂಬುದು ಒಂದು. ತನ್ನ ಕಾರ್ಡಿನ ಆಸೆಗೆ ಮಕ್ಕಳು ಹೊಗೆಸೊಪ್ಪು ಕೊಳ್ಳುವಂತಾಗಬಾರದು ಎಂದು ಆತ ಬೇಡವೆಂದ ಎಂಬುದು ಇನ್ನೊಂದು. ಆತ ಸ್ವತಃ ಹೊಗೆಸೊಪ್ಪು ಜಗಿಯುತ್ತಿದ್ದವನು. ಎರಡರಲ್ಲಿ ಯಾವುದು ನಿಜವಾದರೂ ಒಂದು ಮಾತು ಸ್ಪಷ್ಟ: ಸಿಗರೇಟು ಪ್ಯಾಕಿನ ಚಿತ್ರ ದೊಡ್ಡವರಿಗಿಂತ ಮಕ್ಕಳನ್ನೇ ಹೆಚ್ಚು ಸೆಳೆಯುತ್ತದೆ ಎಂಬುದು ಆಗಲೇ ಎಲ್ಲರಿಗೂ ತಿಳಿದಿತ್ತು. ಆ ಕಾರ್ಡಿನ ಕೆಲವೇ ಹತ್ತು ಪ್ರತಿಗಳು ಇಂದು ಉಳಿದಿವೆ. 2022ರಲ್ಲಿ ಅಂಥ ಒಂದು ಕಾರ್ಡು 72.5 ಲಕ್ಷ ಡಾಲರಿಗೆ, ಅಂದರೆ ಆಗಿನ ಲೆಕ್ಕದಲ್ಲಿ ಐವತ್ತು ಕೋಟಿ ರೂಪಾಯಿಗೂ ಹೆಚ್ಚಿಗೆ ಕೈ ಬದಲಾಯಿಸಿತು.

ಐವತ್ತರ ಲೆಕ್ಕ

ಬ್ರಿಟನ್ನಿನಲ್ಲಿ ಇದೇ ರೂಢಿಯನ್ನು ಪ್ಲೇಯರ್ಸ್, ವಿಲ್ಸ್ ಮೊದಲಾದ ಕಂಪನಿಗಳು ಹಿಡಿದವು. ವಿಲ್ಸ್ ಕಂಪನಿ 1896ರಲ್ಲಿ ಕ್ರಿಕೆಟ್ ಆಟಗಾರರ ಮಾಲೆ ತಂದಿತು. ಅದೇ ವರ್ಷ ಇಂಗ್ಲೆಂಡ್ ಪರ ಮೊದಲ ಟೆಸ್ಟ್ ಆಡಿದ ನಮ್ಮ ರಣಜಿತ್ ಸಿಂಹಜಿ ಆ ಕಾಲದ ಸಿಗರೇಟು ಕಾರ್ಡುಗಳಲ್ಲಿ ಕಾಣಿಸಿಕೊಂಡರು. ನಮ್ಮಲ್ಲಿ ಕತ್ತರಿ ಮಾರ್ಕು ಎಂದು ಹೆಸರಾಗಿದ್ದ ಸಿಸರ್ಸ್ ಸಿಗರೇಟಿನ ಜೊತೆ ಭಾರತದ ಸೈನ್ಯದ ರೆಜಿಮೆಂಟುಗಳ ಸಮವಸ್ತ್ರದ ಮಾಲೆಯೂ ಬಂದಿತ್ತು. 1930ರ ದಶಕದ ಹೊತ್ತಿಗೆ ಹೂವು, ಹಕ್ಕಿ, ಕೋಟೆ, ಹಡಗು, ಸಿನಿಮಾ ತಾರೆಯರು, ಕೊನೆಗೆ ವಿಮಾನದಾಳಿಯಿಂದ ಪಾರಾಗುವುದು ಹೇಗೆ ಎಂಬುದರವರೆಗೆ ಎಲ್ಲಕ್ಕೂ 50 ಕಾರ್ಡುಗಳ ಮಾಲೆ ಇತ್ತು. ಹಿಂಬದಿಯಲ್ಲಿ ಕ್ರಮಸಂಖ್ಯೆ, ನಾಲ್ಕೈದು ಸಾಲಿನ ಅಚ್ಚುಕಟ್ಟಾದ ವಿವರಣೆ. ಪುಸ್ತಕ ಕೊಳ್ಳಲಾಗದ ಬಡವರ ಮನೆಯ ಮಕ್ಕಳಿಗೆ ಅದೇ ವಿಶ್ವಕೋಶವಾಗಿತ್ತು. ಅಂಟಿಸಿಡಲು ಆಲ್ಬಂ ಕೂಡ ಅಗ್ಗಕ್ಕೆ ಸಿಗುತ್ತಿತ್ತು. ಅಂಗಡಿಯಿಂದ ಹೊರಬರುವ ದೊಡ್ಡವರನ್ನು ಅಡ್ಡಗಟ್ಟಿ ಕಾರ್ಡು ಕೇಳುವ ಹುಡುಗರು ಅಲ್ಲಿನ ಬೀದಿಗಳ ಸಾಮಾನ್ಯ ನೋಟವಾಗಿದ್ದರು. ಎರಡನೆಯ ಮಹಾಯುದ್ಧದಲ್ಲಿ ಕಾಗದಕ್ಕೆ ಬರ ಬಂದು 1940ರಲ್ಲಿ ಈ ಕಾರ್ಡುಗಳು ನಿಂತವು.

ಇಲ್ಲಿ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು. 50 ಕಾರ್ಡುಗಳ ಮಾಲೆಯನ್ನು ಪೂರ್ತಿ ಮಾಡಲು ಎಷ್ಟು ಪ್ಯಾಕು ಬೇಕು? ಐವತ್ತು ಎಂದು ಹೇಳಿದರೆ ತಪ್ಪು. ಮೊದಲ ಕಾರ್ಡು ಯಾವುದು ಬಂದರೂ ಹೊಸದೇ. ಆದರೆ ಸಂಗ್ರಹ ಬೆಳೆದಂತೆ ಇರುವುದೇ ಮತ್ತೆ ಮತ್ತೆ ಬರುತ್ತದೆ. 49 ಸೇರಿದ ಮೇಲೆ ಕೊನೆಯದು ಸಿಗುವ ಸಾಧ್ಯತೆ ಐವತ್ತರಲ್ಲಿ ಒಂದು. ಅಂದರೆ ಆ ಒಂದಕ್ಕಾಗಿಯೇ ಸರಾಸರಿ 50 ಪ್ಯಾಕು. 50ನ್ನು 50ರಿಂದ, 49ರಿಂದ, 48ರಿಂದ, ಹೀಗೆ ಒಂದರವರೆಗೆ ಭಾಗಿಸುತ್ತ ಹೋಗಿ ಬಂದ ಉತ್ತರಗಳನ್ನೆಲ್ಲ ಕೂಡಿಸಿದರೆ ಸುಮಾರು 225 ಬರುತ್ತದೆ. ಮೊದಲ 25 ಕಾರ್ಡುಗಳು ಸುಮಾರು 34 ಪ್ಯಾಕಿನಲ್ಲೇ ಸಿಕ್ಕಿಬಿಡುತ್ತವೆ. ಉಳಿದ 25ಕ್ಕೆ 190ಕ್ಕೂ ಹೆಚ್ಚು ಪ್ಯಾಕು ಬೇಕು. ಮೊದಲು ಬೇಗ ಬೇಗ ಕೊಟ್ಟು ರುಚಿ ಹತ್ತಿಸಿ, ಆಮೇಲೆ ಕಾಯಿಸುವ ಈ ಲೆಕ್ಕಕ್ಕೆ ಕಂಪನಿ ಮೋಸವನ್ನೇನೂ ಮಾಡಬೇಕಾಗಿಲ್ಲ. ಗಣಿತವೇ ಅದರ ಪರವಾಗಿ ದುಡಿಯುತ್ತದೆ. ಹತ್ತು ಸಿಗರೇಟಿನ ಪ್ಯಾಕಿಗೆ ಒಂದು ಕಾರ್ಡು ಎಂದು ಹಿಡಿದರೆ ಒಂದು ಆಲ್ಬಂ ತುಂಬುವ ಹೊತ್ತಿಗೆ ಆ ಮನೆಯಲ್ಲಿ 2,250 ಸಿಗರೇಟು ಸುಟ್ಟಿರಬೇಕು. ಮಗ ಕೇಳಿದನೆಂದು ಅದೇ ಮಾರ್ಕು ಕೊಳ್ಳುವ ತಂದೆ, ತಂದೆ ಸೇದುವ ಮಾರ್ಕನ್ನೇ ಪ್ರೀತಿಯಿಂದ ನೆನಪಿಟ್ಟುಕೊಳ್ಳುವ ಮಗ - ಕಾರ್ಡಿನ ನಿಜವಾದ ಲಾಭ ಇದು.

ಈ ಲೆಕ್ಕವನ್ನು ಸೋಲಿಸುವ ಉಪಾಯವನ್ನು ಮಕ್ಕಳೇ ಕಂಡುಹಿಡಿದರು. ಅದು ಅದಲುಬದಲು. ತನ್ನಲ್ಲಿ ಎರಡಿರುವುದನ್ನು ಕೊಟ್ಟು ಇಲ್ಲದಿರುವುದನ್ನು ಪಡೆಯುವುದು. ಹತ್ತು ಜನ ಗೆಳೆಯರು ಸೇರಿದರೆ ಒಬ್ಬೊಬ್ಬರಿಗೆ ಬೇಕಾಗುವ ಪ್ಯಾಕಿನ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ. 50 ಚೀಟಿ ಬರೆದು ಡಬ್ಬಿಗೆ ಹಾಕಿ, ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೇ ಹಾಕುತ್ತ ತರಗತಿಯಲ್ಲೇ ಇದನ್ನು ಪರೀಕ್ಷಿಸಬಹುದು.

ಊಟದ ಮೇಜಿನ ಮೇಲೆ ಹುಟ್ಟಿದ ವಿನ್ಯಾಸ

ಸಿಗರೇಟಿನ ಜಾಗಕ್ಕೆ ಮುಂದೆ ಬಬಲ್ ಗಮ್ ಬಂತು. 1952ರ ಮಾಲೆಗಾಗಿ ಅಮೆರಿಕದ ಟಾಪ್ಸ್ ಕಂಪನಿಯ ಸೈ ಬರ್ಗರ್ ಮತ್ತು ವುಡಿ ಗೆಲ್ಮನ್ ಎಂಬಿಬ್ಬರು ಬರ್ಗರ್ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ರಟ್ಟು, ಕತ್ತರಿ ಇಟ್ಟುಕೊಂಡು ಹೊಸ ಕಾರ್ಡು ರೂಪಿಸಿದರು. ಕಪ್ಪುಬಿಳುಪು ಫೋಟೊಗೆ ಬಣ್ಣ ತುಂಬಿಸಿದರು. ಹೆಸರಿನ ಜೊತೆ ಆಟಗಾರನ ರುಜು, ತಂಡದ ಲಾಂಛನ ಸೇರಿಸಿದರು. ಹಿಂಬದಿಯಲ್ಲಿ ಕಂಪನಿಯ ಜಾಹೀರಾತಿನ ಜಾಗಕ್ಕೆ ಆಟಗಾರನ ಎತ್ತರ, ತೂಕ, ಹುಟ್ಟಿದ ದಿನ, ಹಿಂದಿನ ವರ್ಷದ ಆಟದ ಅಂಕಿ ಅಂಶ ಬಂದವು. ಇಂದು ಜಗತ್ತಿನಾದ್ಯಂತ ಕ್ರೀಡಾ ಕಾರ್ಡುಗಳೆಲ್ಲ ಹೆಚ್ಚುಕಡಿಮೆ ಅದೇ ಮಾದರಿಯವು. 1957ರಲ್ಲಿ ಅದೇ ಕಂಪನಿ ಗೊತ್ತುಮಾಡಿದ ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದದ ಅಳತೆಯೂ ಹಾಗೆಯೇ ಉಳಿದಿದೆ.

ಮುಂದಿನ ವರ್ಷಗಳಲ್ಲಿ ವಿನ್ಯಾಸಕರು ಅಂಚಿನಲ್ಲೇ ಆಟವಾಡಿದರು. 1962ರಲ್ಲಿ ಮರದ ಹಲಗೆಯಂಥ ಅಂಚು, 1975ರಲ್ಲಿ ಮೇಲೊಂದು ಕೆಳಗೊಂದು ಬಣ್ಣ. 1971ರ ಕಪ್ಪು ಅಂಚು ನೋಡಲು ಗಂಭೀರವಾಗಿತ್ತು, ಆದರೆ ಉಗುರು ತಾಗಿದರೂ ಬಿಳಿಯ ಗೀರು ಬೀಳುತ್ತಿತ್ತು. ಹಾಗಾಗಿ ಆ ವರ್ಷದ ಕಾರ್ಡು ಚೊಕ್ಕಟವಾಗಿ ಸಿಗುವುದೇ ಅಪರೂಪ. ಕೈಯಲ್ಲಿ ಹಿಡಿಯುವ ವಸ್ತುವಿನ ಅಂದವನ್ನು ಮೊದಲ ದಿನ ನೋಡಿ ಹೇಳಬಾರದು, ನೂರು ಕೈ ದಾಟಿದ ಮೇಲೆ ನೋಡಿ ಹೇಳಬೇಕು ಎಂಬುದಕ್ಕೆ ಇದು ಸಾಕ್ಷಿ. 1952ರ ಮಾಲೆಯಲ್ಲಿ ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದುದಾಗಿ ಬರ್ಗರ್ ಹೇಳಿಕೊಂಡಿದ್ದರು. ಅದೇ ಮಾಲೆಯ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ, ಅಂದರೆ ಸುಮಾರು ನೂರು ಕೋಟಿ ರೂಪಾಯಿಗೆ ಮಾರಾಟವಾಯಿತು.

ಆಟವಲ್ಲದೆ ವಿನೋದದ ಕಾರ್ಡುಗಳೂ ಬಂದವು. 1962ರಲ್ಲಿ ಮಂಗಳ ಗ್ರಹದವರು ಭೂಮಿಗೆ ದಾಳಿ ಮಾಡುವ ಕಥೆಯನ್ನು ಹೇಳುವ ಮಾಲೆಯೊಂದು ಬಂತು. ಅದರ ಚಿತ್ರಗಳು ಎಷ್ಟು ಭೀಕರವಾಗಿದ್ದವೆಂದರೆ ಪೋಷಕರ ದೂರಿನಿಂದ ಅದನ್ನು ನಿಲ್ಲಿಸಬೇಕಾಯಿತು. 1973ರಲ್ಲಿ ಜನಪ್ರಿಯವಾದ ಇನ್ನೊಂದು ಮಾಲೆ ಸೋಪು, ಬಿಸ್ಕತ್ತುಗಳ ಪ್ಯಾಕನ್ನೇ ಹೋಲುವ ಚಿತ್ರ ಬರೆದು ಹೆಸರನ್ನು ತಿರುಚಿ ಅಣಕಿಸಿತು. ಜಾಹೀರಾತು ಹೇಗೆ ಮಾತಾಡುತ್ತದೆ ಎಂಬುದನ್ನು ಮಕ್ಕಳಿಗೆ ನಗಿಸುತ್ತಲೇ ಕಲಿಸಿದ ಕಾರ್ಡು ಅದು. ವಿಚಿತ್ರವೆಂದರೆ ಅದೂ ಬಬಲ್ ಗಮ್ ಮಾರುವುದಕ್ಕೇ ಹುಟ್ಟಿದ್ದು.

ನಮ್ಮ ಅಂಗಳದಲ್ಲಿ

ನಮ್ಮ ಹಳ್ಳಿಗಳಲ್ಲಿ ಕಾರ್ಡು ಬರುವ ಮೊದಲೇ ಮಕ್ಕಳು ತಮ್ಮದೇ ಕಾರ್ಡು ಮಾಡಿಕೊಂಡಿದ್ದರು. ಬಸ್ ನಿಲ್ದಾಣದಲ್ಲಿ, ಟೆಂಟ್ ಸಿನಿಮಾದ ಸುತ್ತ, ಜಾತ್ರೆಯ ಮಾಳದಲ್ಲಿ ಬಿದ್ದ ಸಿಗರೇಟು ಪ್ಯಾಕು, ಬೆಂಕಿಪೊಟ್ಟಣಗಳನ್ನು ಹೆಕ್ಕಿ, ಚಿತ್ರದ ಭಾಗವನ್ನು ಹರಿದು ಜೋಡಿಸಿಕೊಳ್ಳುವುದು. ಸುಲಭವಾಗಿ ಸಿಗುವ ಮಾರ್ಕಿಗೆ ಕಡಿಮೆ ಬೆಲೆ, ಅಪರೂಪದ್ದಕ್ಕೆ ನೂರು, ಐನೂರು. ನೆಲದಲ್ಲಿ ಗೀಟು ಎಳೆದು ಕಟ್ಟು ಇಟ್ಟು ಚಪ್ಪಟೆ ಕಲ್ಲಿನಿಂದ ಹೊಡೆದು ಹೊರಹಾಕಿದವನಿಗೆ ಅಷ್ಟೂ ಸೇರುತ್ತಿತ್ತು. ಶಿವಕಾಶಿಯ ಬೆಂಕಿಪೊಟ್ಟಣದ ಚಿತ್ರಗಳು - ಹುಲಿ, ನವಿಲು, ರೈಲು, ಕಮಲ - ಎರಡು ಮೂರು ಬಣ್ಣಗಳಲ್ಲೇ ದೂರಕ್ಕೂ ಎದ್ದು ಕಾಣುತ್ತಿದ್ದವು. ಅಕ್ಷರ ಬಾರದ ಗಿರಾಕಿ ಚಿತ್ರ ನೋಡಿಯೇ ಮಾಲು ಗುರುತಿಸಬೇಕಾಗಿದ್ದುದರಿಂದ ಅಲ್ಲಿ ಚಿತ್ರವೇ ಹೆಸರಾಗಿತ್ತು.

1980ರ ದಶಕದ ಕೊನೆಗೆ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬಂತು. 1990ರ ದಶಕದಲ್ಲಿ ಡಬ್ಲ್ಯು.ಡಬ್ಲ್ಯು.ಎಫ್. ಕುಸ್ತಿಯ ಟ್ರಂಪ್ ಕಾರ್ಡು ಬಂತು. ಅಲ್ಲಿ ಚಿತ್ರ ಚಿಕ್ಕದಾಯಿತು, ಅಂಕಿ ದೊಡ್ಡದಾಯಿತು: ಎತ್ತರ, ತೂಕ, ಎದೆಯ ಸುತ್ತಳತೆ, ಗೆದ್ದ ಪಂದ್ಯ, ರ‍್ಯಾಂಕು. ತನ್ನ ಕೈಯಲ್ಲಿರುವ ಪೈಲ್ವಾನನ ಯಾವ ಅಂಕಿ ಎದುರಾಳಿಯದಕ್ಕಿಂತ ಹೆಚ್ಚಿರಬಹುದು ಎಂದು ಕ್ಷಣದಲ್ಲಿ ಅಂದಾಜು ಮಾಡಬೇಕು. ಮಗ್ಗಿ ಬಾರದ ಹುಡುಗನಿಗೂ ಮೂವತ್ತು ಪೈಲ್ವಾನರ ತೂಕ ಬಾಯಿಪಾಠವಾಗಿರುತ್ತಿತ್ತು. ತಂದೆ ತಾಯಿಯರು ಇದನ್ನು ಕಂಡು ಸಿಟ್ಟಾಗಿ ಕಾರ್ಡುಗಳನ್ನು ಒಲೆಗೆ ಹಾಕಿದ ಪ್ರಸಂಗಗಳು ಆ ಕಾಲದ ಅನೇಕ ಮನೆಗಳಲ್ಲಿ ನಡೆದಿವೆ. ಮರೆವು ಮಗುವಿನದಲ್ಲ, ಪಾಠವನ್ನು ನೆನಪಿಡುವಂತೆ ರೂಪಿಸದವರದು ಎಂದು ಯೋಚಿಸಿದವರು ಕಡಿಮೆ.

ಮೈಸೂರಿಗೆ ಇದಕ್ಕಿಂತ ಹಳೆಯ ಕಾರ್ಡಿನ ಪರಂಪರೆಯೊಂದು ಇದೆ. ಅದು ಗಂಜೀಫಾ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಈ ಆಟದ ಅನೇಕ ಬಗೆಗಳನ್ನು ತಾವೇ ಕಲ್ಪಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರ ಇದೆ. ದಶಾವತಾರದ ಗಂಜೀಫಾದಲ್ಲಿ ಹತ್ತು ಬಣಗಳಿಗೆ ಹನ್ನೆರಡರಂತೆ 120 ಎಲೆಗಳು. ಹಿನ್ನೆಲೆಯ ಬಣ್ಣ ನೋಡಿದರೆ ಯಾವ ಬಣ ಎಂದು ಗೊತ್ತಾಗುತ್ತದೆ. ರಾಜ, ಮಂತ್ರಿಯರನ್ನು ಬಿಟ್ಟು ಉಳಿದವುಗಳಲ್ಲಿ ಗುರುತುಗಳನ್ನು ಎಣಿಸಿದರೆ ಬೆಲೆ ತಿಳಿಯುತ್ತದೆ. ನಮ್ಮ ಕಾಲದಲ್ಲಿ ಈ ಕಲೆಗೆ ಮರುಜೀವ ಕೊಟ್ಟವರು ಕಲಾವಿದ ಗಂಜೀಫಾ ರಘುಪತಿ ಭಟ್ಟರು. ಗಾಢ ಹಿನ್ನೆಲೆ, ನಡುವೆ ಒಂದೇ ಮೂರ್ತಿ, ಸುತ್ತ ಅಂಚು - ವಿನ್ಯಾಸದ ಸೂತ್ರಗಳು ಅಮೆರಿಕದ ಬೇಸ್‌ಬಾಲ್ ಕಾರ್ಡಿನವೇ. ವ್ಯತ್ಯಾಸ ಒಂದೇ: ಗಂಜೀಫಾದ ಹಿಂದೆ ಮಾರಬೇಕಾದ ಮಾಲು ಯಾವುದೂ ಇರಲಿಲ್ಲ.

ಅದೇ ಪ್ಯಾಕು, ಬೇರೆ ಚಿತ್ರ

ಕಾರ್ಡು ಹೋದರೂ ಸಿಗರೇಟು ಕಂಪನಿಗಳು ಕ್ರೀಡೆಯನ್ನು ಬಿಡಲಿಲ್ಲ. 1990ರ ದಶಕದಲ್ಲಿ ಭಾರತ ತಂಡದ ಅಂಗಿಯ ಮೇಲೆ ವಿಲ್ಸ್ ಹೆಸರಿತ್ತು. 1996ರ ವಿಶ್ವಕಪ್ಪಿಗೇ ಆ ಹೆಸರಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಾರ್ಚ್ 9ರಂದು ನಡೆದ ಪಾಕಿಸ್ತಾನದ ವಿರುದ್ಧದ ಪಂದ್ಯವನ್ನು ನೋಡಿದ ಪ್ರತಿ ಮಗುವೂ ಆ ಹೆಸರನ್ನೂ ನೋಡಿತ್ತು. 2001ರಲ್ಲಿ ಐ.ಟಿ.ಸಿ. ಕಂಪನಿ ಕ್ರಿಕೆಟ್ ಪ್ರಾಯೋಜನೆಯಿಂದ ಹಿಂದೆ ಸರಿಯಿತು. 2003ರ ಕಾಯಿದೆ ತಂಬಾಕು ಜಾಹೀರಾತನ್ನು ನಿಷೇಧಿಸಿತು; 18 ವರ್ಷದೊಳಗಿನವರಿಗೆ ಮಾರುವುದನ್ನೂ ಶಾಲೆಗಳ ನೂರು ಗಜದೊಳಗೆ ಮಾರುವುದನ್ನೂ ತಡೆಯಿತು. 2009ರ ಮೇ 31ರಿಂದ ಪ್ಯಾಕಿನ ಮೇಲೆ ಎಚ್ಚರಿಕೆಯ ಚಿತ್ರ ಕಡ್ಡಾಯವಾಯಿತು. 2016ರ ಏಪ್ರಿಲಿನಿಂದ ಆ ಎಚ್ಚರಿಕೆ ಪ್ಯಾಕಿನ ಶೇಕಡ 85 ಭಾಗವನ್ನು ಆವರಿಸಿತು. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಆ ನಿಯಮವನ್ನು ರದ್ದು ಮಾಡಿತು; 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿ 2012ರಲ್ಲಿ ಎಲ್ಲ ಮಾರ್ಕಿನ ಪ್ಯಾಕಿಗೂ ಒಂದೇ ಮಂಕು ಕಂದು ಬಣ್ಣ ಗೊತ್ತುಮಾಡಿತು. ಯಾವ ಬಣ್ಣ ಕಂಡರೆ ಜನರಿಗೆ ಅತ್ಯಂತ ಅಸಹ್ಯವಾಗುತ್ತದೆ ಎಂದು ವಿಚಾರಿಸಿ ಆರಿಸಿದ ಬಣ್ಣವದು.

ಯೋಚಿಸಿದರೆ ಇದು ಚಿತ್ರಕಾರ್ಡಿನ ಕಥೆಯೇ, ಆದರೆ ತಿರುಗುಮುರುಗಾಗಿ. ಅದೇ ಅಂಗೈಯಗಲದ ಆಯತ, ಅದೇ ದೊಡ್ಡ ಚಿತ್ರ, ಅದೇ ಚಿಕ್ಕ ಬರಹ. ಅಂದು ಕೈ ಚಾಚುವಂತೆ ಮಾಡಲು, ಇಂದು ಕೈ ಹಿಂದೆಗೆಯುವಂತೆ ಮಾಡಲು. ಚಿತ್ರಕ್ಕೆ ಸ್ವಂತದ ನೀತಿ ಇರುವುದಿಲ್ಲ. ಅದನ್ನು ಯಾರು, ಯಾಕೆ ಅಚ್ಚು ಹಾಕಿಸಿದರು ಎಂಬುದರಲ್ಲಿ ಅದರ ನೀತಿ ಇರುತ್ತದೆ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮನೆಗಳಲ್ಲಿ ಈ ಮಾತು ಒಗಟಿನಂತೆ ಕೂತಿದೆ. ಬ್ಯಾರನ್ನಿನಲ್ಲಿ ಹಳದಿ ಬಣ್ಣ ಬರಲೆಂದು ಬೇಡಿಕೊಳ್ಳುವ ಮನೆಯಲ್ಲೇ ಮಕ್ಕಳು ಶಾಲೆಯಿಂದ ತಂಬಾಕು ವಿರೋಧಿ ಭಿತ್ತಿಪತ್ರ ಬರೆದು ತರುತ್ತಾರೆ. ಎರಡೂ ನಿಜ. ಇದಕ್ಕೆ ನಾಚಿಕೊಳ್ಳಬೇಕಾಗಿಲ್ಲ, ಮುಚ್ಚಿಡಲೂಬೇಕಾಗಿಲ್ಲ. ಆದರೆ ಒಂದು ಮಾತನ್ನು ಪೋಷಕರು ಮರೆಯಬಾರದು. ಮಳೆಯಲ್ಲಿ ಒದ್ದೆಯಾದ ಹಸಿ ಸೊಪ್ಪನ್ನು ಬರಿಗೈಯಲ್ಲಿ ಮುಟ್ಟಿದರೆ ನಿಕೊಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ ಬರುತ್ತವೆ. ಮೈ ಚಿಕ್ಕದಾದಷ್ಟೂ ತೊಂದರೆ ಹೆಚ್ಚು. ಸೊಪ್ಪು ಕಟ್ಟುವ ದಿನ ಕೈ ಸಾಲದೆಂದು ಮಕ್ಕಳನ್ನು ಶಾಲೆ ಬಿಡಿಸಿ ಕೂರಿಸುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ನಾಲ್ಕು ತಾಲ್ಲೂಕಿನ ಮಾಲೆ

ಮಕ್ಕಳ ಕೈಯಿಂದ ಕಾರ್ಡು ಕಿತ್ತುಕೊಳ್ಳುವುದಕ್ಕಿಂತ ಕಾರ್ಡು ಮಾಡಲು ಹಚ್ಚುವುದು ಮೇಲು. ಹಳೆಯ ಲಗ್ನಪತ್ರಿಕೆಯ ರಟ್ಟು, ಸ್ಕೇಲು, ಬಣ್ಣದ ಪೆನ್ಸಿಲ್ ಇದ್ದರೆ ಸಾಕು. ಎರಡೂವರೆಗೆ ಮೂರೂವರೆ ಅಂಗುಲ ಕತ್ತರಿಸಿ ಸುತ್ತ ಬಿಳಿಯ ಅಂಚು ಬಿಡಬೇಕು. ಒಂದೇ ಚಿತ್ರ, ಒಂದೇ ಹಿನ್ನೆಲೆ ಬಣ್ಣ, ಕೆಳಗೆ ಹೆಸರು. ಹಿಂಬದಿಯಲ್ಲಿ ನಾಲ್ಕೇ ಸಾಲು. ಪ್ರತಿ ಸಾಲೂ ಪರಿಶೀಲಿಸಿದ ಸತ್ಯವಾಗಿರಬೇಕು. ಈ ಕೊನೆಯ ನಿಯಮವೇ ಕಷ್ಟದ್ದು.

ಕ್ರೀಡೆಯ ಕಾರ್ಡಿಗೆ ದೂರ ಹೋಗಬೇಕಾಗಿಲ್ಲ. ಮೈಸೂರಿನ ಜಾವಗಲ್ ಶ್ರೀನಾಥ್: 67 ಟೆಸ್ಟ್, 236 ವಿಕೆಟ್, 229 ಏಕದಿನ ಪಂದ್ಯ, 315 ವಿಕೆಟ್. ಟ್ರಂಪ್ ಕಾರ್ಡಿಗೆ ದಸರಾ ಆನೆಗಳಿಗಿಂತ ಒಳ್ಳೆಯ ಪೈಲ್ವಾನರು ಯಾರಿದ್ದಾರೆ? ಗಜಪಯಣ ಹೊರಡುವ ವೀರನಹೊಸಹಳ್ಳಿ ಹುಣಸೂರು ತಾಲ್ಲೂಕಿನದು. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಎಂಟು ಸಲ ಹೊತ್ತು 2023ರ ಡಿಸೆಂಬರಿನಲ್ಲಿ ಕಾಡಾನೆಯೊಂದಿಗಿನ ಕಾದಾಟದಲ್ಲಿ ಸತ್ತ ಅರ್ಜುನ ಎಚ್.ಡಿ. ಕೋಟೆಯ ಬಳ್ಳೆ ಶಿಬಿರದವನು. ಪ್ರತಿ ವರ್ಷ ದಸರಾಕ್ಕೆ ಮುನ್ನ ಆನೆಗಳ ತೂಕ ಪತ್ರಿಕೆಗಳಲ್ಲಿ ಬರುತ್ತದೆ. ಕತ್ತರಿಸಿ ಇಟ್ಟುಕೊಂಡರೆ ಆಯಿತು. ಇನ್ನು ಚುಂಚನಕಟ್ಟೆ ಜಲಪಾತ, ಪಿರಿಯಾಪಟ್ಟಣದ ಬೆಟ್ಟದಪುರದ ಬೆಟ್ಟ ಮತ್ತು ಬೈಲಕುಪ್ಪೆಯ ಟಿಬೆಟನ್ನರ ನೆಲೆ, ಹುಣಸೂರಿನ ಗೊಮ್ಮಟಗಿರಿ, ಕಲ್ಲಹಳ್ಳಿಯಿಂದ ಮುಖ್ಯಮಂತ್ರಿಯ ಕುರ್ಚಿಗೆ ಹೋದ ದೇವರಾಜ ಅರಸು, ಎಚ್.ಡಿ. ಕೋಟೆಯ ಕಬಿನಿ, ನಾಗರಹೊಳೆಯ ಹುಲಿ. ನಾಲ್ಕು ತಾಲ್ಲೂಕಿಗೆ ಐವತ್ತು ಕಾರ್ಡು ಸುಲಭವಾಗಿ ತುಂಬುತ್ತದೆ. ಒಂದು ಶಾಲೆಯವರು ಮಾಡಿದ್ದನ್ನು ಇನ್ನೊಂದು ಶಾಲೆಯವರು ಅದಲುಬದಲು ಮಾಡಿಕೊಂಡರೆ 225 ಪ್ಯಾಕಿನ ಗೋಜೂ ಇಲ್ಲ.

ಆ ಐವತ್ತರಲ್ಲಿ ಹೊಗೆಸೊಪ್ಪಿಗೂ ಒಂದು ಕಾರ್ಡು ಇರಲೇಬೇಕು. ಮುಂಬದಿಯ ಚಿತ್ರ ಕಷ್ಟವಲ್ಲ: ಬ್ಯಾರನ್ನು, ಅದರ ಮುಂದೆ ಕಡ್ಡಿಗೆ ಕಟ್ಟಿದ ಹಳದಿ ಸೊಪ್ಪು. ಹಿಂಬದಿಯ ನಾಲ್ಕು ಸಾಲಿಗೆ ಮಾತ್ರ ಮನೆಯವರೆಲ್ಲ ಸೇರಿ ಕೂರಬೇಕಾದೀತು. ಈ ಬೆಳೆಯಿಂದ ಮನೆಗೆ ಏನು ಬಂತು, ಎಷ್ಟು ಸೌದೆ ಸುಟ್ಟಿತು, ಮೈಗೆ ಏನು ತಟ್ಟಿತು, ಮುಂದೆ ಏನು ಬೆಳೆಯಬಹುದು - ಅಪ್ಪ ಹೇಳುವ ಒಂದು ಸಾಲು, ಅವ್ವ ಹೇಳುವ ಒಂದು ಸಾಲು, ಅಜ್ಜನದೊಂದು, ಕೊನೆಯದು ಮಗುವಿನದು. ಅದಲುಬದಲಿನಲ್ಲಿ ಈ ಕಾರ್ಡು ಬೇರೆ ಮನೆಗೆ ಹೋದಾಗ ಅಲ್ಲಿಯ ನಾಲ್ಕು ಸಾಲುಗಳು ಬೇರೆಯಾಗಿರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಪಾಠ.